ಬೀಪ್ ಆದ ಮೇಲಿನ ಹತ್ತು ಸೆಕೆಂಡು

ರೇಂಜ್ ಆಫೀಸರ್ ‘ಸ್ಟ್ಯಾಂಡ್ ಬೈ’ ಎಂದ ಮೇಲೆ ಟೈಮರ್ ಕೂಗಲು 1ರಿಂದ 4 ಸೆಕೆಂಡು ಹಿಡಿಯುತ್ತದೆ. ಸರಿಯಾಗಿ ಎಷ್ಟು ಎಂಬುದು ಸ್ಪರ್ಧಿಗೆ ಮೊದಲೇ ತಿಳಿಯಬಾರದು, ನಿಯಮ ಇರುವುದೇ ಹಾಗೆ. ಗುಂಡು ತುಂಬಿದ ಪಿಸ್ತೂಲು ಸೊಂಟದ ಹೋಲ್‌ಸ್ಟರಿನಲ್ಲಿದೆ, ಕೈಗಳು ಇಳಿಬಿದ್ದಿವೆ. ಮುಂದೆ ಮೂರು ಕಡೆ ಎತ್ತರದ ಮಣ್ಣಿನ ದಿಬ್ಬ. ಅದರೊಳಗೆ ರಟ್ಟಿನ ಗುರಿಗಳು, ಉಕ್ಕಿನ ತಟ್ಟೆಗಳು, ಮರದ ಚೌಕಟ್ಟಿಗೆ ಜಾಲರಿ ಹೊಡೆದು ನಿಲ್ಲಿಸಿದ ಗೋಡೆಗಳು, ಆ ಗೋಡೆಗಳಲ್ಲಿ ಕಿಂಡಿಗಳು. ಬೀಪ್ ಎಂದ ಕೂಡಲೇ ಸ್ಪರ್ಧಿ ಪಿಸ್ತೂಲು ತೆಗೆದು ಹಾರಿಸುತ್ತಾನೆ, ಓಡುತ್ತಾನೆ, ಕಿಂಡಿಯಲ್ಲಿ ಇಣುಕುತ್ತಾನೆ, ಓಡುತ್ತಲೇ ಮ್ಯಾಗಜಿನ್ ಬದಲಿಸುತ್ತಾನೆ. ಇಂಥ ಒಂದು ಏರ್ಪಾಟಿಗೆ ‘ಸ್ಟೇಜ್’ ಎಂದು ಹೆಸರು, ದೊಡ್ಡದಾದರೆ 32 ಗುಂಡುಗಳವರೆಗೆ. ಪಳಗಿದವರಿಗೆ ಇಪ್ಪತ್ತು ಸೆಕೆಂಡಿನೊಳಗೆ ಎಲ್ಲವೂ ಮುಗಿದಿರುತ್ತದೆ.

ಪಿಸ್ತೂಲು ಶೂಟಿಂಗ್ ಎಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟಿರುವ ಚಿತ್ರ ಬೇರೆ. ಒಂದು ಕೈ ಚಾಚಿ, ಇನ್ನೊಂದನ್ನು ಜೇಬಿಗಿಟ್ಟು, ಉಸಿರು ಹಿಡಿದು 10 ಮೀಟರ್ ಆಚೆಗಿನ ಕಪ್ಪು ವೃತ್ತವನ್ನು ನೋಡುತ್ತ ನಿಂತ ಆಟಗಾರ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ತಂದದ್ದು, ಮನು ಭಾಕರ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು ಆ ಏರ್ ಪಿಸ್ತೂಲಿನಲ್ಲಿ. ಅಲ್ಲಿ ನಿಶ್ಚಲತೆಯೇ ಎಲ್ಲ. ಮೊದಲು ಹೇಳಿದ ಓಡಾಟದ ಆಟದ ಹೆಸರು ಪ್ರಾಕ್ಟಿಕಲ್ ಶೂಟಿಂಗ್. ಅದರಲ್ಲಿ ಎರಡು ಕೈ, ಎರಡು ಕಾಲು, ನೆನಪಿನ ಶಕ್ತಿ ಎಲ್ಲವೂ ಕೆಲಸಕ್ಕೆ ಬರಬೇಕು. ಅರಿಜೋನಾದ ಫೀನಿಕ್ಸ್ ಸುತ್ತಮುತ್ತ ನೆಲೆಸಿದ ನನ್ನಂಥವರಿಗೆ ಈ ಆಟ ವಾರಾಂತ್ಯಗಳಲ್ಲಿ ಆಡಲು ಸಿಗುತ್ತದೆ. ಹೊಸಬನಾಗಿ ಅದರೊಳಗೆ ಕಾಲಿಟ್ಟ ಮೇಲೆ ಕಲಿತ ಕೆಲವು ಸಂಗತಿಗಳನ್ನು ಹೇಳಬೇಕು ಅನ್ನಿಸಿದೆ. ಅದರಲ್ಲೂ ಮುಖ್ಯವಾದದ್ದು ಒಂದು: ಈ ಆಟದಲ್ಲಿ ಸಮಯ ಸೋರುವುದು ಗುಂಡು ಹಾರಿಸುವಾಗ ಅಲ್ಲ, ಹಾರಿಸದೇ ಇರುವಾಗ.

ಅರಿಜೋನಾ ಈ ಆಟದ ತವರು ಎಂದರೆ ಪೂರ್ತಿ ಸರಿಯಲ್ಲ, ತವರು ಕ್ಯಾಲಿಫೋರ್ನಿಯಾ. 1950ರ ದಶಕದ ಕೊನೆಗೆ ಬಿಗ್ ಬೇರ್ ಎಂಬ ಗುಡ್ಡಗಾಡಿನ ಊರಿನಲ್ಲಿ ನೌಕಾಪಡೆಯ ಮರೀನ್ ದಳದ ಮಾಜಿ ಅಧಿಕಾರಿ ಜೆಫ್ ಕೂಪರ್ ಪಿಸ್ತೂಲಿನ ವೇಗದ ಪಂದ್ಯಗಳನ್ನು ಏರ್ಪಡಿಸತೊಡಗಿದರು. ಬಂದವರಲ್ಲಿ ಹೆಚ್ಚಿನವರು ಸಿನಿಮಾದ ಕೌಬಾಯ್‌ಗಳ ಹಾಗೆ ಸೊಂಟದ ಮಟ್ಟದಿಂದಲೇ ಒಂಟಿ ಕೈಯಲ್ಲಿ ಸಿಡಿಸುವವರು. ಲಾಸ್ ಏಂಜಲೀಸ್ ಕೌಂಟಿಯ ಶೆರಿಫ್ ಡೆಪ್ಯುಟಿ ಜ್ಯಾಕ್ ವೀವರ್ ಮಾತ್ರ ಪಿಸ್ತೂಲನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿನ ಮಟ್ಟಕ್ಕೆ ತಂದು, ಗುರಿಕಡ್ಡಿ ನೋಡಿ ಹೊಡೆದರು. ನೋಡಲು ನಿಧಾನ. ಆದರೆ ಉಳಿದವರು ಬೇಗ ಬೇಗ ತಪ್ಪುತ್ತಿದ್ದಾಗ ವೀವರ್ ಗೆಲ್ಲುತ್ತಿದ್ದರು. ಕೂಪರ್ ಅದನ್ನು ಕಂಡು ತಮ್ಮ ಬೋಧನೆಯನ್ನೇ ಅದರ ಮೇಲೆ ಕಟ್ಟಿದರು. 1975ರಲ್ಲಿ ಜ್ಯೂರಿಕ್‌ನಲ್ಲಿ ಮೊದಲ ವಿಶ್ವ ಸ್ಪರ್ಧೆ ನಡೆದು ರೇ ಚಾಪ್‌ಮನ್ ಗೆದ್ದರು. 1976ರಲ್ಲಿ ಮಿಸೂರಿಯ ಕೊಲಂಬಿಯಾದಲ್ಲಿ ಸೇರಿದ ಸಭೆಯಲ್ಲಿ ಅಂತರರಾಷ್ಟ್ರೀಯ ಪ್ರಾಕ್ಟಿಕಲ್ ಶೂಟಿಂಗ್ ಒಕ್ಕೂಟ, ಅಂದರೆ ಐಪಿಎಸ್‌ಸಿ ಹುಟ್ಟಿತು; ಕೂಪರ್ ಮೊದಲ ಅಧ್ಯಕ್ಷ. ಅದರ ಅಮೆರಿಕದ ಅಂಗವಾಗಿ 1984ರಲ್ಲಿ ಯುಎಸ್‌ಪಿಎಸ್‌ಎ ಬಂತು. ಕೂಪರ್ ತಮ್ಮ ತರಬೇತಿ ಶಾಲೆ ತೆರೆದದ್ದು ಅರಿಜೋನಾದ ಪಾಲ್ಡನ್‌ನಲ್ಲಿ. ಮುಂದೆ 1980ರ ದಶಕದ ಮೊದಲಿಗೆ ರಾಬ್ ಲೇಥಮ್ ಮತ್ತು ಬ್ರಯನ್ ಇನೋಸ್ ಎಂಬ ಇಬ್ಬರು ಎರಡೂ ತೋಳುಗಳನ್ನು ಸಮನಾಗಿ ಮುಂದಕ್ಕೆ ಚಾಚಿ ಹೊಡೆಯುವ ಭಂಗಿಯನ್ನು ಗೆಲುವಿನ ಭಂಗಿಯಾಗಿಸಿದರು. ಇಂದು ಹೊಸಬರಿಗೆ ಮೊದಲು ಕಲಿಸುವುದೂ ಅದನ್ನೇ. ಕಾರ್ಯಾಗಾರಗಳಲ್ಲಿ, ಚರ್ಚೆಗಳಲ್ಲಿ ಈ ಇಬ್ಬರ ಹೆಸರು ಬಾರದ ದಿನವಿಲ್ಲ.

ಪಂದ್ಯಕ್ಕೆ ಬರುವವರ ಬಗ್ಗೆ ಊರಿನವರಿಗೆ ಅನುಮಾನಗಳಿರುತ್ತವೆ. ಅಮೆರಿಕದ ಬಂದೂಕು ಹಿಂಸೆಯ ಸುದ್ದಿ ಓದಿದ ಅಪ್ಪ ಅಮ್ಮ ಮಗ ಪಿಸ್ತೂಲು ಹಿಡಿದಿದ್ದಾನೆ ಎಂದರೆ ಗಾಬರಿಯಾಗುವುದು ಸಹಜ, ಆ ಗಾಬರಿಗೆ ನಾನು ಗೌರವ ಕೊಡುತ್ತೇನೆ. ಮಕ್ಕಳಿರುವ ಮನೆಯಲ್ಲಿ ಪಿಸ್ತೂಲನ್ನು ಉಕ್ಕಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಡಲು ಆಗದವರು ಈ ಆಟಕ್ಕೆ ಬರಬಾರದು ಎಂದೇ ನನ್ನ ಅಭಿಪ್ರಾಯ. ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡಬೇಕು: ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಅಥವಾ ಗುಂಡು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಪಡೆದವರಿಗೆ ಇರುವಂಥ ಕೆಲವು ವಿನಾಯಿತಿಗಳಿವೆ, ಆದರೆ ಅವನ್ನು ಗೆಳೆಯರ ಬಾಯಿಂದ ಕೇಳಿ ನಂಬದೆ ವಕೀಲರನ್ನೇ ಕೇಳುವುದು ಒಳ್ಳೆಯದು. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕಿಲ್ಲ. ಐಟಿ ಕೆಲಸದ ಮೇಲೆ ಬಂದ ನಮ್ಮ ಹುಡುಗರು ಕುತೂಹಲಕ್ಕೆಂದು ಹೋಗಿ ಇಡೀ ವಲಸೆಯ ದಾರಿಯನ್ನೇ ಅಪಾಯಕ್ಕೆ ಒಡ್ಡಿಕೊಳ್ಳಬಾರದು.

ಮೈದಾನಕ್ಕೆ ಬಂದ ಹೊಸಬರಿಗೆ ಮೊದಲು ಬಡಿಯುವುದು ಶಿಸ್ತು. ಇಲ್ಲಿನ ಕ್ಲಬ್ ಪಂದ್ಯಗಳು ‘ಕೋಲ್ಡ್ ರೇಂಜ್’ ಪದ್ಧತಿಯಲ್ಲಿ ನಡೆಯುತ್ತವೆ. ಅಂದರೆ ರೇಂಜ್ ಆಫೀಸರ್ ಎದುರು ನಿಂತು ಅಪ್ಪಣೆ ಪಡೆಯುವವರೆಗೆ ಯಾರ ಪಿಸ್ತೂಲಿನಲ್ಲೂ ಗುಂಡು ಇರುವಂತಿಲ್ಲ, ಹೋಲ್‌ಸ್ಟರಿನಲ್ಲಿರುವ ಪಿಸ್ತೂಲನ್ನು ಮುಟ್ಟುವಂತೆಯೂ ಇಲ್ಲ. ಬೆಲ್ಟು ಸರಿಮಾಡಿಕೊಳ್ಳಲು, ಪಿಸ್ತೂಲು ಒರೆಸಲು, ಖಾಲಿ ಪಿಸ್ತೂಲಿನಲ್ಲಿ ಒಂದೆರಡು ಸಲ ತೆಗೆದು ಗುರಿ ಹಿಡಿದು ನೋಡಲು ‘ಸೇಫ್ ಏರಿಯಾ’ ಎಂಬ ಮೇಜಿದೆ. ಅಲ್ಲಿ ಪಿಸ್ತೂಲು ಮುಟ್ಟಬಹುದು, ಗುಂಡು ಮುಟ್ಟುವಂತಿಲ್ಲ. ಅಭ್ಯಾಸದ ಹುಸಿ ಗುಂಡನ್ನೂ ಮುಟ್ಟುವಂತಿಲ್ಲ. ಪಿಸ್ತೂಲು ಇರುವಲ್ಲಿ ಗುಂಡಿಲ್ಲ, ಗುಂಡು ಇರುವಲ್ಲಿ ಪಿಸ್ತೂಲಿಗೆ ಕೈಯಿಲ್ಲ. ಎರಡೂ ಸೇರುವುದು ರೇಂಜ್ ಆಫೀಸರ್‌ನ ಕಣ್ಣೆದುರು ಮಾತ್ರ.

ಅವನ ಮಾತುಗಳೂ ಬರೆದಿಟ್ಟಂತೆ ಇರುತ್ತವೆ. ‘ಮೇಕ್ ರೆಡಿ’ ಎಂದಾಗ ಗುಂಡು ತುಂಬುವುದು. ‘ಆರ್ ಯು ರೆಡಿ’ ಎಂದಾಗ ಸುಮ್ಮನಿದ್ದರೆ ಒಪ್ಪಿಗೆ ಎಂದರ್ಥ. ಮುಗಿದ ಮೇಲೆ ಮ್ಯಾಗಜಿನ್ ತೆಗೆದು, ಗುಂಡು ಕೂರುವ ಚೇಂಬರ್ ಖಾಲಿ ಎಂದು ಅವನಿಗೆ ತೋರಿಸಿ, ಗುರಿಯತ್ತ ನಳಿಗೆ ಹಿಡಿದು ಒಮ್ಮೆ ಟ್ರಿಗರ್ ಎಳೆದು, ಹೋಲ್‌ಸ್ಟರಿಗೆ ಇಳಿಸಬೇಕು. ಆಮೇಲೆ ‘ರೇಂಜ್ ಈಸ್ ಕ್ಲಿಯರ್’. ಆ ಮಾತು ಬರುವ ತನಕ ಉಳಿದವರು ಒಂದು ಹೆಜ್ಜೆ ಮುಂದಿಡುವುದಿಲ್ಲ. ಊರು, ಕ್ಲಬ್ಬು, ರಾಜ್ಯ ಬದಲಾದರೂ ಈ ಮಾತುಗಳು ಬದಲಾಗುವುದಿಲ್ಲ, ಹೊಸಬರಿಗೆ ಅದೇ ದೊಡ್ಡ ಆಸರೆ.

ಸ್ಪರ್ಧಿ ಓಡಾಡುವ ಆಟವಾದ್ದರಿಂದ ನಳಿಗೆಯ ದಿಕ್ಕಿನ ನಿಯಮ ಇನ್ನೂ ಕಟ್ಟುನಿಟ್ಟು. ಎದುರಿನ ದಿಬ್ಬಕ್ಕೆ ಮುಖ ಮಾಡಿ ನಿಂತು ಎರಡೂ ತೋಳುಗಳನ್ನು ಎಡಕ್ಕೆ ಬಲಕ್ಕೆ ಚಾಚಿದರೆ ಒಂದು ಅಡ್ಡಗೆರೆಯಾಗುತ್ತದಲ್ಲ, ನಳಿಗೆಯ ತುದಿ ಆ ಗೆರೆಯಿಂದ ಹಿಂದಕ್ಕೆ ಎಂದೂ ಬರಕೂಡದು. ಇದನ್ನು ‘ಒನ್ ಎಯ್ಟಿ’ ಎನ್ನುತ್ತಾರೆ. ಬಲಗೈಯವರು ಎಡಕ್ಕೆ ಓಡುತ್ತ ಮ್ಯಾಗಜಿನ್ ಬದಲಿಸುವಾಗ ನಳಿಗೆ ಆ ಗೆರೆಯ ಹತ್ತಿರ ಜಾರುತ್ತದೆ. ಅನುಭವಿ ರೇಂಜ್ ಆಫೀಸರ್‌ಗಳ ಕಣ್ಣು ಆಗ ಗುರಿಯ ಮೇಲಿರುವುದಿಲ್ಲ, ನಳಿಗೆಯ ಮೇಲೆ ಮತ್ತು ಸ್ಪರ್ಧಿಯ ತೋರುಬೆರಳಿನ ಮೇಲೆ ಇರುತ್ತದೆ. ಓಡುವಾಗ ಬೆರಳು ಟ್ರಿಗರ್‌ನ ಬಳೆಯ ಹೊರಗೆ ಕಾಣುವಂತೆ ಇರಬೇಕು. ಗೆರೆ ದಾಟಿದರೆ, ಪಿಸ್ತೂಲು ಕೈಜಾರಿ ಬಿದ್ದರೆ, ಹಾರಬಾರದಾಗ ಗುಂಡು ಹಾರಿದರೆ ಆ ದಿನದ ಪಂದ್ಯ ಅಲ್ಲಿಗೆ ಮುಗಿಯಿತು. ಎಚ್ಚರಿಕೆ ಕೊಟ್ಟು ಬಿಡುವ ಪದ್ಧತಿ ಇಲ್ಲ. ಬಿದ್ದ ಪಿಸ್ತೂಲನ್ನು ಸ್ಪರ್ಧಿ ತಾನೇ ಎತ್ತಿಕೊಳ್ಳುವಂತೆಯೂ ಇಲ್ಲ.

ನಮ್ಮ ಸ್ಕ್ವಾಡಿನಲ್ಲಿ, ಅಂದರೆ ಒಟ್ಟಿಗೆ ಸರದಿಯಲ್ಲಿ ಆಡುವ ಗುಂಪಿನಲ್ಲಿ, ಒಮ್ಮೆ ಇದು ನಡೆದದ್ದು ನೋಡಿದೆ. ತಲೆ ಪೂರ್ತಿ ನೆರೆತ, ಈ ಆಟದಲ್ಲೇ ಹಳಬರಾದ ಒಬ್ಬರು ಹಿಂದಕ್ಕೆ ಸರಿಯುತ್ತ ಮೂಲೆಯ ಗುರಿಗೆ ತಿರುಗಿದರು. ‘ಸ್ಟಾಪ್’ ಎಂಬ ಕೂಗು ಬಿತ್ತು. ಅವರು ಅಲ್ಲೇ ಕಲ್ಲಾಗಿ ನಿಂತರು, ಹೇಳಿದಂತೆ ಪಿಸ್ತೂಲು ಖಾಲಿ ಮಾಡಿ ತೋರಿಸಿದರು, ಹೋಲ್‌ಸ್ಟರಿಗೆ ಇಳಿಸಿದರು. ವಾದ ಇಲ್ಲ, ಮುಖ ಸಪ್ಪಗಾದದ್ದು ಮಾತ್ರ ಕಂಡಿತು. ರೇಂಜ್ ಆಫೀಸರ್ ಅವರಿಗಿಂತ ಎಷ್ಟೋ ಚಿಕ್ಕ ವಯಸ್ಸಿನವನು. ಅವನ ಕೈ ಕುಲುಕಿ, ಪಿಸ್ತೂಲನ್ನು ಚೀಲಕ್ಕೆ ಹಾಕಿ ಕಾರಿನಲ್ಲಿಟ್ಟು ಬಂದು, ಮಧ್ಯಾಹ್ನದವರೆಗೂ ನಮ್ಮೊಡನೆ ಇದ್ದು ರಟ್ಟಿನ ತೂತುಗಳಿಗೆ ಕಾಗದದ ಪಟ್ಟಿ ಅಂಟಿಸಿದರು. ಹೊಸದಾಗಿ ಬಂದ ಇಬ್ಬರು ಹುಡುಗರಿಗೆ ತಮ್ಮ ಕಾಲು ಎಲ್ಲಿ ಇಡಬೇಕಿತ್ತು, ಭುಜ ಎತ್ತ ತಿರುಗಿತು ಎಂದು ಅಲ್ಲೇ ನೆಲದ ಮೇಲೆ ನಿಂತು ತೋರಿಸಿದರು. ಸುರಕ್ಷತೆಯ ಬಗ್ಗೆ ಅಷ್ಟು ಚೆನ್ನಾಗಿ ಪಾಠ ಮಾಡಿದವರನ್ನು ನಾನು ಕಂಡಿಲ್ಲ.

ಇನ್ನು ಅಂಕದ ವಿಷಯ. ಇದು ಅರ್ಥವಾಗದೆ ಈ ಆಟ ಅರ್ಥವಾಗುವುದಿಲ್ಲ. ರಟ್ಟಿನ ಗುರಿಯ ನಡುವಿನ ಎ ವಲಯಕ್ಕೆ 5 ಅಂಕ. ಅದರ ಸುತ್ತಲಿನ ಸಿ ವಲಯಕ್ಕೆ 3, ಅಂಚಿನ ಡಿ ವಲಯಕ್ಕೆ 1. ದೊಡ್ಡ ಶಕ್ತಿಯ ಗುಂಡು ಬಳಸುವ ವಿಭಾಗಗಳಲ್ಲಿ ಸಿಗೆ 4, ಡಿಗೆ 2. ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿ ತೆಗೆದುಕೊಂಡು, ಸೆಕೆಂಡಿಗೆ ಎಷ್ಟು ಅಡಿ ಎಂಬ ವೇಗದಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ ಶಕ್ತಿಯ ಲೆಕ್ಕ ಸಿಗುತ್ತದೆ. 124 ಗ್ರೇನ್‌ನ 9 ಎಂಎಂ ಗುಂಡು 1050 ಅಡಿ ವೇಗದಲ್ಲಿ ಹೋದರೆ 130.2. ಚಿಕ್ಕ ಶಕ್ತಿಯ ವಿಭಾಗಕ್ಕೆ 125 ಸಾಕು, ದೊಡ್ಡದಕ್ಕೆ ಯುಎಸ್‌ಪಿಎಸ್‌ಎ ಕೇಳುವುದು 165. ಗುರಿಗೆ ತಾಗದ ಗುಂಡಿಗೆ 10 ಅಂಕ ಕಡಿತ. ಹೊಡೆಯಬಾರದ ಬಿಳಿಯ ಗುರಿಗೆ ತಾಗಿದರೂ 10 ಕಡಿತ. ಕೊನೆಗೆ ಒಟ್ಟು ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಬರುವ ಸಂಖ್ಯೆಯೇ ಹಿಟ್ ಫ್ಯಾಕ್ಟರ್, ಸೆಕೆಂಡಿಗೆ ಎಷ್ಟು ಅಂಕ ಗಳಿಸಿದಿರಿ ಎಂಬುದು. ಆ ಸ್ಟೇಜ್ ಗೆಲ್ಲುವುದು ಹೆಚ್ಚು ಹಿಟ್ ಫ್ಯಾಕ್ಟರ್ ಇದ್ದವರು.

ಈ ಭಾಗಾಕಾರ ನಿಷ್ಪಕ್ಷಪಾತಿ. ನಿಧಾನವಾಗಿ ಎಲ್ಲವನ್ನೂ ನಡುವಿಗೇ ಹೊಡೆದವರನ್ನೂ ಅದು ಮೆಚ್ಚುವುದಿಲ್ಲ, ಚಟಪಟನೆ ಸಿಡಿಸಿ ತಪ್ಪಿದವರನ್ನೂ ಮೆಚ್ಚುವುದಿಲ್ಲ. ಜೊತೆಗೆ ಒಂದು ಅಂಕದ ಬೆಲೆ ಎಷ್ಟು ಸೆಕೆಂಡು ಎಂಬುದನ್ನೂ ಹೇಳುತ್ತದೆ. ಹಿಟ್ ಫ್ಯಾಕ್ಟರ್ 8 ಬರುವಂಥ, ಹತ್ತಿರದ ಗುರಿಗಳ ಸ್ಟೇಜಿನಲ್ಲಿ ಎ ಬದಲು ಸಿ ಹೊಡೆದರೆ ಕಳೆಯುವ 2 ಅಂಕ ಕಾಲು ಸೆಕೆಂಡಿಗೆ ಸಮ. ಹಿಟ್ ಫ್ಯಾಕ್ಟರ್ 4 ಬರುವ ದೂರದ, ಕಷ್ಟದ ಸ್ಟೇಜಿನಲ್ಲಿ ಅದೇ 2 ಅಂಕ ಅರ್ಧ ಸೆಕೆಂಡಿಗೆ ಸಮ. ಎಲ್ಲಿ ನುಗ್ಗಬೇಕು, ಎಲ್ಲಿ ತಾಳಬೇಕು ಎಂಬುದನ್ನು ಯಾರ ಉಪದೇಶವೂ ಇಲ್ಲದೆ ಈ ಲೆಕ್ಕವೇ ತಿಳಿಸುತ್ತದೆ. ಪಂದ್ಯಕ್ಕೆ ಮುಂಚೆ ಗುಂಡಿನ ಬೆಲೆಗಿಂತ ಈ ಅಂಕದ ಬೆಲೆಯನ್ನು ಲೆಕ್ಕ ಹಾಕುವುದು ಹೊಸಬರಿಗೆ ಹೆಚ್ಚು ಲಾಭದ್ದು.

ಕೂಪರ್ ಅವರೇ ಕೊಟ್ಟ ಒಂದು ಪರೀಕ್ಷೆಯನ್ನು ನೋಡಿ. ಲ್ಯಾಟಿನ್ ಅಮೆರಿಕದ ಒಬ್ಬ ಅಧ್ಯಕ್ಷರ ಅಂಗರಕ್ಷಕರಿಗೆ ತರಬೇತಿ ಕೊಡುವಾಗ ರೂಪಿಸಿದ್ದರಿಂದ ಅದಕ್ಕೆ ‘ಎಲ್ ಪ್ರೆಸಿಡೆಂಟೆ’ ಎಂದು ಹೆಸರು. 10 ಗಜ ದೂರದಲ್ಲಿ ಮೂರು ಗುರಿ. ಸ್ಪರ್ಧಿ ಅವುಗಳಿಗೆ ಬೆನ್ನು ಹಾಕಿ ಕೈಯೆತ್ತಿ ನಿಲ್ಲುತ್ತಾನೆ. ಬೀಪ್ ಆದಾಗ ತಿರುಗಿ, ಪಿಸ್ತೂಲು ತೆಗೆದು ಒಂದೊಂದಕ್ಕೆ ಎರಡೆರಡು ಗುಂಡು. ಮ್ಯಾಗಜಿನ್ ಬದಲಿಸಿ ಮತ್ತೆ ಎರಡೆರಡು. ಒಟ್ಟು 12. ಪೂರ್ತಿ ತಿರುಗುವ ಮೊದಲೇ ಪಿಸ್ತೂಲು ತೆಗೆದರೆ ನಳಿಗೆ ಹಿಂದಕ್ಕೆ ನೋಡುತ್ತದೆ, ಪಂದ್ಯದಿಂದ ಹೊರಗೆ. ಕೂಪರ್ ಕಾಲದಲ್ಲಿ 10 ಸೆಕೆಂಡು ಒಳ್ಳೆಯ ಸಮಯ. ಇಂದಿನ ಅಗ್ರಗಣ್ಯರು 5 ಸೆಕೆಂಡಿನೊಳಗೆ ಮುಗಿಸುತ್ತಾರೆ.

ಈ ಐದು ಸೆಕೆಂಡು ಎಲ್ಲಿಂದ ಉಳಿಯಿತು? ಟೈಮರ್ ಪ್ರತಿ ಗುಂಡಿನ ಸದ್ದನ್ನೂ ದಾಖಲಿಸಿಡುವುದರಿಂದ ಇದಕ್ಕೆ ಉತ್ತರವಿದೆ. ಸುಮಾರು ಅಭ್ಯಾಸವಾದ ಹೊಸಬನೊಬ್ಬನ ಓಟ ಹೀಗಿರಬಹುದು. ತಿರುಗಿ ಮೊದಲ ಗುಂಡು ಹಾರಿಸಲು 2.5 ಸೆಕೆಂಡು. ಒಂದೇ ಗುರಿಗೆ ಹಾರಿಸುವ ಎರಡು ಗುಂಡುಗಳ ನಡುವೆ 0.3. ಒಂದು ಗುರಿಯಿಂದ ಇನ್ನೊಂದಕ್ಕೆ ಹೋಗಲು 0.6. ಮ್ಯಾಗಜಿನ್ ಬದಲಿಸಿ ಮತ್ತೆ ಹಾರಿಸಲು 2.8. ಕೂಡಿದರೆ 9.5 ಸೆಕೆಂಡು. ಏಳು ಎ, ಐದು ಸಿ ಬಿದ್ದವು ಎನ್ನೋಣ. 50 ಅಂಕ, ಹಿಟ್ ಫ್ಯಾಕ್ಟರ್ 5.26.

ಈಗ ಅವನಿಗೆ ವೇಗ ಹೆಚ್ಚಿಸುವ ಆಸೆ. ಹೊಸಬರೆಲ್ಲ ಮಾಡುವುದು ಬೆರಳಿನ ವೇಗ ಹೆಚ್ಚಿಸುವುದನ್ನೇ, ಕಿವಿಗೆ ವೇಗವಾಗಿ ಕೇಳುವುದೂ ಅದೇ. 0.3 ಇದ್ದದ್ದನ್ನು 0.2ಕ್ಕೆ ಇಳಿಸಿದ ಎನ್ನಿ. ಆರು ಜೋಡಿಗಳಿಂದ ಉಳಿದದ್ದು 0.6 ಸೆಕೆಂಡು. ಆ ಅವಸರದಲ್ಲಿ ಎರಡು ಎ ಹೋಗಿ ಸಿ ಆದರೆ 46 ಅಂಕ, 8.9 ಸೆಕೆಂಡು, ಹಿಟ್ ಫ್ಯಾಕ್ಟರ್ 5.17. ಮೊದಲಿಗಿಂತ ಕಡಿಮೆ! ಸಿಗೆ ಬೀಳುತ್ತಿದ್ದ ಒಂದು ಗುಂಡು ಪೂರ್ತಿ ತಪ್ಪಿದರಂತೂ, ಎ ಏಳೂ ಉಳಿದರೂ, 37 ಅಂಕ ಉಳಿದು 4.16ಕ್ಕೆ ಕುಸಿಯುತ್ತದೆ. ಇನ್ನೊಂದು ದಾರಿ ಹಿಡಿದರೆ? ಗುಂಡು ಹಾರಿಸುವ ವೇಗವನ್ನು ಮುಟ್ಟದೆ, ತಿರುಗಿ ತೆಗೆಯುವುದನ್ನು 1.5 ಸೆಕೆಂಡಿಗೆ, ಮ್ಯಾಗಜಿನ್ ಬದಲಿಸುವುದನ್ನು 1.5 ಸೆಕೆಂಡಿಗೆ ಇಳಿಸಿದರೆ 2.3 ಸೆಕೆಂಡು ಉಳಿಯುತ್ತದೆ. ಅದೇ 50 ಅಂಕ, 7.2 ಸೆಕೆಂಡು, ಹಿಟ್ ಫ್ಯಾಕ್ಟರ್ 6.94. ಒಂದು ಗುಂಡೂ ಅವಸರದಲ್ಲಿ ಹಾರಿಲ್ಲ.

ಈ ಲೆಕ್ಕ ತಲೆಗೆ ಇಳಿದ ದಿನದಿಂದ ನಾನು ಪಂದ್ಯ ನೋಡುವ ರೀತಿಯೇ ಬದಲಾಯಿತು. ಅತಿ ಮೇಲಿನ ದರ್ಜೆಯ ‘ಗ್ರಾಂಡ್ ಮಾಸ್ಟರ್’ ಒಬ್ಬರು ಓಡುವಾಗ ಗುಂಡಿನ ಸದ್ದಿಗೆ ಕಿವಿಕೊಡುವುದನ್ನು ಬಿಟ್ಟು ಸದ್ದಿಲ್ಲದ ಹೊತ್ತನ್ನು ಗಮನಿಸತೊಡಗಿದೆ. ಹೊಸಬರು ಒಂದು ಕಿಂಡಿಗೆ ಓಡಿ ಬಂದು, ನಿಂತು, ಕಾಲು ಸರಿಮಾಡಿಕೊಂಡು, ಆಮೇಲೆ ಪಿಸ್ತೂಲು ಎತ್ತಿ, ಆಮೇಲೆ ಗುರಿ ಹುಡುಕುತ್ತಾರೆ. ಗ್ರಾಂಡ್ ಮಾಸ್ಟರ್ ಬರುವಾಗಲೇ ಪಿಸ್ತೂಲು ಕಣ್ಣಿನ ಮಟ್ಟಕ್ಕೆ ಏರಿರುತ್ತದೆ, ಮೊಣಕಾಲು ಬಾಗಿರುತ್ತದೆ, ಗುರಿಯ ಅಂಚು ಗೋಡೆಯಾಚೆ ಕಂಡ ಕೂಡಲೇ ಮೊದಲ ಗುಂಡು ಹಾರಿರುತ್ತದೆ. ಕೊನೆಯ ಕಾಲು ಇನ್ನೂ ನೆಲಕ್ಕೆ ಊರಿರುವುದಿಲ್ಲ. ಹೊರಡುವಾಗಲೂ ಅಷ್ಟೇ, ಕೊನೆಯ ಗುಂಡು ಹಾರುವ ಹೊತ್ತಿಗೆ ದೇಹದ ಭಾರ ಆಗಲೇ ಮುಂದಿನ ದಿಕ್ಕಿಗೆ ವಾಲಿರುತ್ತದೆ. ಒಂದೊಂದು ಜಾಗದಲ್ಲಿ ಒಂದು ಸೆಕೆಂಡು ಉಳಿದರೂ ಐದು ಜಾಗಗಳ ಸ್ಟೇಜಿನಲ್ಲಿ ಐದು ಸೆಕೆಂಡು. ಬೆರಳಿನಿಂದ ಅಷ್ಟನ್ನು ಗಳಿಸಲು ಯಾರಿಂದಲೂ ಸಾಧ್ಯವಿಲ್ಲ.

ಇದಕ್ಕೆಲ್ಲ ಮುಂದಾಳು ಕಣ್ಣು. ಬೌಲರ್‌ನ ಕೈಯಿಂದ ಚೆಂಡು ಹೊರಡುವಾಗಲೇ ಅದರ ಜಾಡು ಹಿಡಿದ ಬ್ಯಾಟ್ಸ್‌ಮನ್‌ಗೆ ಆಡಲು ಬೇಕಾದಷ್ಟು ಹೊತ್ತು ಇರುತ್ತದೆ; ಇಲ್ಲಿಯೂ ಹಾಗೆಯೇ. ಒಂದು ಗುರಿಗೆ ಎರಡನೆಯ ಗುಂಡು ಹೋದ ತಕ್ಷಣ ಕಣ್ಣು ಮುಂದಿನ ಗುರಿಯ ಮೇಲೆ, ಅದೂ ಗುರಿಯ ಮೇಲಿನ ಒಂದು ಚುಕ್ಕೆಯಷ್ಟು ಜಾಗದ ಮೇಲೆ ನೆಡಬೇಕು. ಪಿಸ್ತೂಲು ತಾನಾಗಿ ಅಲ್ಲಿಗೆ ಬರುತ್ತದೆ. ಮೊದಲು ಪಿಸ್ತೂಲು ತಿರುಗಿಸಿ ಆಮೇಲೆ ಕಣ್ಣು ಹೊರಳಿಸಿದರೆ ಗುರಿ ದಾಟಿ ಹೋಗಿ ಮರಳಬೇಕಾಗುತ್ತದೆ. ಇನೋಸ್ 1990ರಲ್ಲಿ ಬರೆದ ‘ಪ್ರಾಕ್ಟಿಕಲ್ ಶೂಟಿಂಗ್: ಬಿಯಾಂಡ್ ಫಂಡಮೆಂಟಲ್ಸ್’ ಪುಸ್ತಕ ಇಂದಿಗೂ ಕೈಯಿಂದ ಕೈಗೆ ದಾಟುತ್ತಿರುವುದು ಅದರಲ್ಲಿ ನೋಟದ ಬಗ್ಗೆ ಇರುವ ಈ ತಿಳಿವಿನಿಂದ. ಎಷ್ಟು ಬೇಗ ಹಾರಿಸಬೇಕು ಎಂಬುದನ್ನು ಕೈ ತೀರ್ಮಾನಿಸಬಾರದು, ಕಂಡದ್ದು ತೀರ್ಮಾನಿಸಬೇಕು. ಹತ್ತಿರದ ದೊಡ್ಡ ಗುರಿಗೆ ಸ್ವಲ್ಪ ಕಂಡರೆ ಸಾಕು. ದೂರದ ಚಿಕ್ಕ ತಟ್ಟೆಗೆ ಸೈಟಿನ ಕೆಂಪು ಚುಕ್ಕೆ ನಿಂತದ್ದು ಸ್ಪಷ್ಟವಾಗಿ ಕಾಣಬೇಕು.

ಕಂಡ ಮೇಲೂ ಗುಂಡು ಬೇರೆಡೆ ಹೋಗುವುದುಂಟು. ಬಲಗೈಯ ಹೊಸಬರ ಗುಂಡುಗಳು ಎಡಕ್ಕೆ ಕೆಳಗೆ ಗುಂಪಾಗಿ ಬೀಳುತ್ತವೆ. ಸದ್ದು, ಹಿನ್ನೂಕು ಬರುತ್ತದೆ ಎಂದು ದೇಹಕ್ಕೆ ಮೊದಲೇ ಗೊತ್ತು, ಟ್ರಿಗರ್ ಎಳೆಯುವ ಕ್ಷಣಕ್ಕೆ ಸರಿಯಾಗಿ ಮಣಿಕಟ್ಟು ಕೆಳಗೆ ಒತ್ತುತ್ತದೆ. ಇದನ್ನು ಬಯಲಿಗೆಳೆಯುವ ಹಳೆಯ ಉಪಾಯವೊಂದಿದೆ. ಮ್ಯಾಗಜಿನ್‌ನಲ್ಲಿ ನಿಜವಾದ ಗುಂಡುಗಳ ನಡುವೆ ಹುಸಿ ಗುಂಡುಗಳನ್ನು ಬೆರೆಸಿ ತುಂಬಲು ಗೆಳೆಯನಿಗೆ ಹೇಳುವುದು. ಹುಸಿ ಗುಂಡು ಬಂದಾಗ ಢಂ ಎನ್ನುವ ಬದಲು ಟಿಕ್ ಎನ್ನುತ್ತದೆ, ಆಗ ನಳಿಗೆ ಎಷ್ಟು ಬಾಗಿತು ಎಂಬುದು ಎಲ್ಲರಿಗೂ ಕಾಣುತ್ತದೆ. ಮದ್ದು ಇರುವುದು ಹಿಡಿತದಲ್ಲಿ: ಎಡಗೈ ಬಲಗೈಯನ್ನು ಸುತ್ತಿ ಗಟ್ಟಿಯಾಗಿ ಹಿಡಿದಿರಬೇಕು, ಬಲಗೈಯ ತೋರುಬೆರಳು ಉಳಿದ ಬೆರಳುಗಳನ್ನು ಎಳೆದುಕೊಳ್ಳದೆ ಒಂದೇ ಚಲಿಸಬೇಕು. ಲೇಥಮ್ ತಮ್ಮ ಪಾಠಗಳಲ್ಲಿ ಎಲ್ಲಕ್ಕಿಂತ ಮೊದಲು ಒತ್ತಿ ಹೇಳುವುದು ಇದನ್ನೇ, ಪಿಸ್ತೂಲು ಅಲುಗದಂತೆ ಟ್ರಿಗರನ್ನು ಬೇಗ ಎಳೆಯಲು ಬರಬೇಕು.

ಪ್ರತಿ ಸ್ಟೇಜಿಗೂ ಮುಂಚೆ ಸ್ಕ್ವಾಡಿನ ಎಲ್ಲರಿಗೂ ಒಳಗೆ ಅಡ್ಡಾಡಿ ನೋಡಲು ಸುಮಾರು ಐದು ನಿಮಿಷ ಕೊಡುತ್ತಾರೆ. ಆ ಹೊತ್ತಿನಲ್ಲಿ ನೋಡಬೇಕು! ಹತ್ತು ಹನ್ನೆರಡು ಮಂದಿ ಎರಡು ಕೈ ಜೋಡಿಸಿ ಹೆಬ್ಬೆರಳು ಮುಂದೆ ಮಾಡಿ, ಒಬ್ಬರ ಹಿಂದೊಬ್ಬರು, ಬಾಯಲ್ಲಿ ಎಣಿಸುತ್ತ, ಕಿಂಡಿ ಕಿಂಡಿಗೆ ಬಗ್ಗುತ್ತ ಸಾಗುತ್ತಾರೆ. ಒಂದೇ ಗುರಿ ಎರಡು ಕಡೆಯಿಂದ ಕಾಣುವಂತೆ ಸ್ಟೇಜ್ ಕಟ್ಟಿದವರು ಬಲೆ ಒಡ್ಡಿರುತ್ತಾರೆ. ಯಾವುದನ್ನು ಎಲ್ಲಿಂದ ಹೊಡೆಯಬೇಕು, ಮ್ಯಾಗಜಿನ್ ಎಲ್ಲಿ ಬದಲಿಸಬೇಕು, ಉಕ್ಕಿನ ತಟ್ಟೆ ಬಿದ್ದೊಡನೆ ತೂಗಾಡತೊಡಗುವ ಗುರಿಗೆ ಎಷ್ಟು ಹೊತ್ತು ಕಾಯಬೇಕು, ಎಲ್ಲವನ್ನೂ ಆಗಲೇ ಗಟ್ಟಿ ಮಾಡಿಕೊಳ್ಳಬೇಕು. ಮ್ಯಾಗಜಿನ್ ಬದಲಿಸುವುದನ್ನು ಓಡುವ ಹೆಜ್ಜೆಗಳ ಜೊತೆ ಜೋಡಿಸಿದರೆ ಅದಕ್ಕೆ ಬೇರೆ ಸಮಯ ಬೇಕಿಲ್ಲ. ಆಮೇಲೆ ಸರದಿ ಬರುವವರೆಗೆ ಕಣ್ಣು ಮುಚ್ಚಿ ಇಡೀ ಸ್ಟೇಜನ್ನು ಮೊದಲಿಂದ ಕೊನೆಯವರೆಗೆ ಒಳಗೇ ಓಡಿಸುವುದು. ಎಲ್ಲಿ ಚಿತ್ರ ಮಸುಕಾಗುತ್ತದೋ ಬೀಪ್ ಆದ ಮೇಲೆ ಕಾಲು ತಡವರಿಸುವುದು ಸರಿಯಾಗಿ ಅಲ್ಲಿಯೇ. ನನಗೆ ಈ ಆಟದಲ್ಲಿ ಅತಿ ಪ್ರಿಯವಾದದ್ದು ಈ ಐದು ನಿಮಿಷ.

ಹೋಲ್‌ಸ್ಟರಿನಿಂದ ತೆಗೆಯುವುದು, ಮ್ಯಾಗಜಿನ್ ಬದಲಿಸುವುದು, ಗುರಿಯಿಂದ ಗುರಿಗೆ ಕಣ್ಣು ಹಾಯಿಸುವುದು, ಇವು ಯಾವುದಕ್ಕೂ ಗುಂಡು ಬೇಡ. ಮನೆಯಲ್ಲೇ ಖಾಲಿ ಪಿಸ್ತೂಲಿನಿಂದ ಸಾಧಿಸಬಹುದು, ಇದಕ್ಕೆ ಡ್ರೈ ಫೈರ್ ಎನ್ನುತ್ತಾರೆ. ನಿಯಮ ಒಂದೇ, ಅದಕ್ಕೆ ರಿಯಾಯಿತಿ ಇಲ್ಲ: ಅಭ್ಯಾಸ ಮಾಡುವ ಕೋಣೆಯಲ್ಲಿ ಒಂದೂ ಗುಂಡು ಇರಕೂಡದು. ಪಿಸ್ತೂಲಿನ ಚೇಂಬರನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾಲಿ ಎಂದು ಖಚಿತ ಮಾಡಿಕೊಂಡು, ಗುಂಡು ತೂರದ ಗಟ್ಟಿ ಗೋಡೆಯತ್ತ ಮುಖಮಾಡಿಯೇ ಶುರುಮಾಡಬೇಕು. ಗೋಡೆಗೆ ಚಿಕ್ಕದಾಗಿ ಕತ್ತರಿಸಿದ ಗುರಿಗಳನ್ನು ಅಂಟಿಸಿ, ಟೈಮರ್‌ಗೆ ಎರಡು ಬೀಪ್ ಹೊಂದಿಸಿ, ಎರಡನೆಯದರ ಒಳಗೆ ಮುಗಿಸಲು ಯತ್ನಿಸುವುದು. ರಾತ್ರಿ ಮಕ್ಕಳು ಮಲಗಿದ ಮೇಲಿನ ಕಾಲು ಗಂಟೆ ಇದಕ್ಕೆ ಸಾಕು. ಗುಂಡಿನ ಪೆಟ್ಟಿಗೆಗಳಿಗೆ ಹಣ ಸುರಿಯುವವರಿಗಿಂತ ಈ ಕಾಲು ಗಂಟೆಯನ್ನು ತಪ್ಪಿಸದವರು ಮುಂದೆ ಹೋಗುವುದನ್ನು ಇಲ್ಲಿ ಎಲ್ಲರೂ ಕಂಡಿದ್ದಾರೆ.

ಸಲಕರಣೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಂಬಿಕಸ್ಥ 9 ಎಂಎಂ ಪಿಸ್ತೂಲು, ಟ್ರಿಗರ್ ಮುಚ್ಚುವ ಗಟ್ಟಿ ಹೋಲ್‌ಸ್ಟರ್, ಬಿಗಿ ಬೆಲ್ಟು, ನಾಲ್ಕೈದು ಮ್ಯಾಗಜಿನ್, ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಕ. ಪಿಸ್ತೂಲಿನ ಮೇಲೆ ಕೆಂಪು ಚುಕ್ಕೆಯ ಸೈಟ್ ಇದ್ದರೆ ಕ್ಯಾರಿ ಆಪ್ಟಿಕ್ಸ್ ವಿಭಾಗ. ನಲವತ್ತು ದಾಟಿದ ಕಣ್ಣುಗಳಿಗೆ ಅದು ದೊಡ್ಡ ಉಪಕಾರ. ಪಂದ್ಯಕ್ಕೆಂದೇ ಸಜ್ಜುಗೊಳಿಸಿದ, ಸಾವಿರಾರು ಡಾಲರಿನ ರೇಸ್ ಗನ್ ಆಸೆ ಎಲ್ಲರಿಗೂ ಬರುತ್ತದೆ. ಒಂದು ಋತು ತಡೆದುಕೊಂಡರೆ ಯಾವುದು ಬೇಕು, ಯಾವುದು ಬೇಡ ಎಂದು ತಾನಾಗಿ ತಿಳಿಯುತ್ತದೆ.

ಊರಿಂದ ಬರುವ ಪ್ರಶ್ನೆ: ಇದು ನಮ್ಮಲ್ಲಿ ಯಾಕಿಲ್ಲ? ಮುಖ್ಯ ಕಾರಣ ಕಾನೂನು. ಈ ಆಟ ನಿಂತಿರುವುದೇ 9 ಎಂಎಂ ಮೇಲೆ, ಭಾರತದಲ್ಲಿ ಅದು ಸಾಮಾನ್ಯ ನಾಗರಿಕರಿಗೆ ನಿಷೇಧಿತ. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯೂ ಎರಡಕ್ಕೆ ಇಳಿದಿದೆ. ಆದರೆ ವೇಗ ಮತ್ತು ಗುರಿ ಎರಡನ್ನೂ ಕೇಳುವ ಆಟ ಬೇಕೆನ್ನುವವರಿಗೆ 25 ಮೀಟರ್ ರ‍್ಯಾಪಿಡ್ ಫೈರ್ ಇದೆ. ಐದು ಗುರಿಗಳಿಗೆ ಐದು ಗುಂಡು, ಮೊದಲು 8 ಸೆಕೆಂಡಿನಲ್ಲಿ, ಆಮೇಲೆ 6, ಕೊನೆಗೆ 4. ವಿಜಯ್ ಕುಮಾರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು ಇದರಲ್ಲಿ. ಆ 4 ಸೆಕೆಂಡಿನ ಸುತ್ತಿನಲ್ಲೂ ಕಣ್ಣು ಪಿಸ್ತೂಲಿಗಿಂತ ಮುಂದೆ ಹೋಗಬೇಕು. ಇನ್ನು ಬಂದೂಕನ್ನು ಮನೆಯ ಗೌರವದ ವಸ್ತುವಾಗಿ ಕಾಣುವ ರೂಢಿ ನಮಗೆ ಹೊಸದೇನಲ್ಲ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ. ನಾಟಿ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವುದನ್ನು ನೋಡಿದವರಿಗೆ ಇಲ್ಲಿನ ಮೈದಾನದ ಶಿಸ್ತು ಪರಕೀಯ ಅನ್ನಿಸುವುದಿಲ್ಲ. ಗುರಿಯ ಆಕಾರದ ಬಗ್ಗೆ ಮುಜುಗರ ಪಡುವವರಿಗೆ ಒಂದು ಮಾತು: ಐಪಿಎಸ್‌ಸಿಯಲ್ಲಿ ಮನುಷ್ಯಾಕೃತಿಯನ್ನು ಬಿಟ್ಟು, ತಲೆಯಿಲ್ಲದ ಎಂಟು ಮೂಲೆಯ ಗುರಿ ಬಳಕೆಗೆ ಬಂದು ಬಹಳ ಕಾಲವಾಗಿದೆ. ಅದೇ ಎಲ್ಲ ಕಡೆ ಇರಲಿ ಎಂಬುದು ನನ್ನ ಆಸೆ.

ಮೊದಲ ಪಂದ್ಯಕ್ಕೆ ಹೋಗುವವರು ಒಂದು ತಾಸು ಮುಂಚೆ ಹೋಗಿ, ಹೊಸಬ ಎಂದು ಹೇಳಿಕೊಳ್ಳಿ. ಬಹಳ ಕ್ಲಬ್ಬುಗಳಲ್ಲಿ ಹೊಸಬರಿಗೆ ಪ್ರತ್ಯೇಕವಾಗಿ ಸುರಕ್ಷತೆಯ ಪಾಠವಿರುತ್ತದೆ. ನೀರು, ಟೋಪಿ, ಬೇಕೆನಿಸಿದ್ದಕ್ಕಿಂತ ಹೆಚ್ಚು ಗುಂಡು ಇರಲಿ. ಮೊದಲ ದಿನ ಫಲಿತಾಂಶದ ಪಟ್ಟಿಯ ಕೆಳಗಡೆಯೇ ಹೆಸರು ಇರುತ್ತದೆ; ದೇಶದ ಉತ್ತಮ ಹಿಟ್ ಫ್ಯಾಕ್ಟರ್‌ಗೆ ಹೋಲಿಸಿ ಶೇ 40ಕ್ಕಿಂತ ಕೆಳಗಿರುವವರು ಡಿ ದರ್ಜೆ, ಶೇ 95 ಮುಟ್ಟಿದವರು ಗ್ರಾಂಡ್ ಮಾಸ್ಟರ್. ನಿಮ್ಮ ಸರದಿ ಇಲ್ಲದಾಗ ಕುರ್ಚಿಯಲ್ಲಿ ಕೂರಬೇಡಿ, ತೂತುಗಳಿಗೆ ಪಟ್ಟಿ ಅಂಟಿಸಿ, ಬಿದ್ದ ಉಕ್ಕಿನ ತಟ್ಟೆಗಳನ್ನು ಎತ್ತಿ ನಿಲ್ಲಿಸಿ. ಗುರಿಗಳ ಹತ್ತಿರ ಹೋಗಿ ನೋಡಿದಷ್ಟೂ ಯಾರ ಗುಂಡು ಎಲ್ಲಿ ಬಿತ್ತು, ಯಾಕೆ ಬಿತ್ತು ಎಂಬುದು ತಿಳಿಯುತ್ತದೆ. ಪಂದ್ಯ ಮುಗಿದ ಮೇಲೆ ಗೋಡೆ, ಗುರಿ, ಸ್ಟ್ಯಾಂಡುಗಳನ್ನೆಲ್ಲ ಕಳಚಿ ಶೆಡ್ಡಿಗೆ ಸಾಗಿಸುವ ಕೆಲಸವಿರುತ್ತದೆ, ಬಿಸಿಲು ಆಗ ನೆತ್ತಿಗೆ ಬಂದಿರುತ್ತದೆ. ಅದಕ್ಕೂ ನಿಲ್ಲಿ. ಗ್ರಾಂಡ್ ಮಾಸ್ಟರ್‌ಗಳೂ ಆ ಹೊತ್ತಿನಲ್ಲಿ ಗೋಡೆಯ ಒಂದು ತುದಿ ಹಿಡಿದಿರುತ್ತಾರೆ, ಇನ್ನೊಂದು ತುದಿ ಹಿಡಿದವರು ಕೇಳುವ ಪ್ರಶ್ನೆಗೆಲ್ಲ ಉತ್ತರ ಕೊಡುತ್ತಾರೆ.